ಮಂಡಿ ಬದಲಾಯಿಸಿದ ಮೇಲೆ ಹತ್ತು ವರ್ಷ, ಇಪ್ಪತ್ತು ವರ್ಷ: ಸಂಧಿವಾತ ಇರುವ ಮಹಿಳೆಯರು ತಿಳಿದಿರಬೇಕಾದ ಸಂಗತಿಗಳು

(ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಯ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಉಪನ್ಯಾಸದ ಬರಹರೂಪ)



ನಾವು ಸಂಘಗಳ ಸಭೆಗೆ ಬಂದಾಗ ಉಳಿತಾಯ, ಸಾಲ, ಮರುಪಾವತಿ ಲೆಕ್ಕವೆಲ್ಲ ಮುಗಿದ ಮೇಲೆ ಒಂದು ಮಾತು ಬಂದೇ ಬರುತ್ತದೆ. "ಮಂಡಿ ನೋವು ಮೇಡಂ, ಕೆಳಗೆ ಕೂತ್ರೆ ಏಳೋಕಾಗಲ್ಲ." ಅದರ ಹಿಂದೆಯೇ ಇನ್ನೊಬ್ಬರು ಕೇಳುತ್ತಾರೆ: "ಆಪರೇಷನ್ ಮಾಡಿಸಿದ್ರೆ ಸರಿ ಹೋಗುತ್ತಾ? ಎಷ್ಟು ವರ್ಷ ಬರುತ್ತೆ? ಆಮೇಲೆ ಮನೆ ಕೆಲಸಕ್ಕೆ ಹೋಗ್ಬಹುದಾ?" ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಬೇಕು. ಯಾಕೆಂದರೆ ಇದು ಲಕ್ಷಾಂತರ ರೂಪಾಯಿಯ ವಿಷಯ, ಮನೆ ನಡೆಸುವ ಹೆಂಗಸು ತಿಂಗಳುಗಟ್ಟಲೆ ಕೆಲಸ ಬಿಡಬೇಕಾದ ವಿಷಯ. ಅದರಲ್ಲೂ ಸಂಧಿವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಿಗೆ ಈ ಉತ್ತರ ಸ್ವಲ್ಪ ಬೇರೆಯೇ ಇದೆ. ಇಂದು ಅದನ್ನೇ ಮಾತಾಡೋಣ.

ಎಲ್ಲ ಮಂಡಿ ನೋವೂ ಒಂದೇ ಅಲ್ಲ

ಮೊದಲು ಎರಡು ಕಾಯಿಲೆಗಳನ್ನು ಬೇರೆ ಮಾಡಿಕೊಳ್ಳಬೇಕು. ಒಂದು, ವಯಸ್ಸಾದಂತೆ ಬರುವ ಸವೆತ. ಮೂಳೆಗಳ ತುದಿಯಲ್ಲಿರುವ ನುಣುಪಾದ ಮೆದು ಮೂಳೆ ತೇಯ್ದು, ಮೂಳೆಗೆ ಮೂಳೆ ತಗುಲಿ ನೋವು ಬರುತ್ತದೆ. ನಡೆದಾಗ ನೋವು, ಕೂತರೆ ಆರಾಮ. ಹೆಚ್ಚಾಗಿ ಐವತ್ತೈದು, ಅರವತ್ತು ದಾಟಿದವರಿಗೆ.

ಇನ್ನೊಂದು ಸಂಧಿವಾತ. ಇದು ತೇಯ್ದು ಬರುವ ಕಾಯಿಲೆಯಲ್ಲ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ನಮ್ಮ ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಆ ಪೊರೆ ಊದಿಕೊಂಡು ಮೆದು ಮೂಳೆಯನ್ನೂ ಗಟ್ಟಿ ಮೂಳೆಯನ್ನೂ ತಿನ್ನುತ್ತಾ ಹೋಗುತ್ತದೆ. ಬೆಳಿಗ್ಗೆ ಎದ್ದಾಗ ಕೈ ಬೆರಳು ಮಡಚಲು ಬರುವುದಿಲ್ಲ, ಒಂದು ಗಂಟೆಯಾದರೂ ಬಿಗಿತ ಬಿಡುವುದಿಲ್ಲ. ಎರಡೂ ಕೈಗಳ ಬೆರಳು, ಮಣಿಕಟ್ಟು, ಎರಡೂ ಪಾದ, ಆಮೇಲೆ ಎರಡೂ ಮಂಡಿ ಹಿಡಿಯುತ್ತದೆ. ಸುಸ್ತು ಇರುತ್ತದೆ, ಕೆಲವರಿಗೆ ಸಣ್ಣ ಜ್ವರವೂ ಇರುತ್ತದೆ. ಉತ್ತರ ಭಾರತದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಸಾವಿರ ವಯಸ್ಕರಲ್ಲಿ ಏಳೆಂಟು ಜನರಿಗೆ ಈ ಕಾಯಿಲೆ ಇರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಅದೂ ಮೂವತ್ತು, ನಲವತ್ತರ ವಯಸ್ಸಿನಲ್ಲಿ, ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿರುವಾಗಲೇ ಶುರುವಾಗುವುದುಂಟು.

ಇದರಲ್ಲಿ ನಿಮ್ಮದು ಯಾವುದು ಎಂದು ತಿಳಿಯದೆ ಮಂಡಿಯ ಬಗ್ಗೆ ತೀರ್ಮಾನ ಮಾಡಬೇಡಿ. ವೈದ್ಯರು ಕೈಯಿಂದ ಪರೀಕ್ಷಿಸಿ, ರಕ್ತ ಪರೀಕ್ಷೆ ಮತ್ತು ಎಕ್ಸ್‌ರೇ ನೋಡಿ ಹೇಳುತ್ತಾರೆ.

ಬದಲಾಯಿಸುವುದು ಅಂದರೆ ಏನು?

ಜನ "ಮಂಡಿ ಚಿಪ್ಪು ಬದಲಾಯಿಸೋದು" ಎನ್ನುತ್ತಾರೆ. ನಿಜವಾಗಿ ಬದಲಾಗುವುದು ಚಿಪ್ಪು ಮಾತ್ರವಲ್ಲ. ತೊಡೆ ಮೂಳೆಯ ಕೆಳತುದಿ ಮತ್ತು ಮೊಣಕಾಲಿನ ಮೂಳೆಯ ಮೇಲ್ತುದಿಯಲ್ಲಿ ಹಾಳಾದ ಭಾಗವನ್ನು ತೆಳ್ಳಗೆ ಕತ್ತರಿಸಿ ತೆಗೆದು ಅಲ್ಲಿ ಲೋಹದ ಹೊದಿಕೆ ಕೂರಿಸುತ್ತಾರೆ. ಎರಡರ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಇಡುತ್ತಾರೆ. ಚಿಪ್ಪಿನ ಒಳಬದಿಗೂ ಕೆಲವೊಮ್ಮೆ ಪ್ಲಾಸ್ಟಿಕ್ ಹಾಕುತ್ತಾರೆ.

ಇಂದಿನ ಮಂಡಿಗಳ ಮೂಲ ಮಾದರಿ 1974ರಲ್ಲಿ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ಬಳಕೆಗೆ ಬಂತು. ಅದನ್ನು ರೂಪಿಸಿದ ತಂಡದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಡಾ. ಚಿತ್ತರಂಜನ್ ರಾಣಾವತ್ ಕೂಡ ಇದ್ದರು. ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರ ಎಡ ಮಂಡಿಯನ್ನು 2000ದಲ್ಲಿ, ಬಲ ಮಂಡಿಯನ್ನು 2001ರಲ್ಲಿ ಮುಂಬೈನಲ್ಲಿ ಬದಲಾಯಿಸಿದವರು ಅವರೇ. ಆಗ ಪತ್ರಿಕೆಗಳಲ್ಲಿ ಬಂದ ಸುದ್ದಿಯಿಂದಲೇ ನಮ್ಮಲ್ಲಿ ಅನೇಕರಿಗೆ ಇಂಥದ್ದೊಂದು ಆಪರೇಷನ್ ಇದೆ ಎಂದು ಗೊತ್ತಾಯಿತು. ಆದರೆ ಅವರದು ಸವೆತದ ಮಂಡಿ. ಸಂಧಿವಾತದ ಮಂಡಿಯ ಕಥೆ ಬೇರೆ.

ಎಷ್ಟು ವರ್ಷ ಬಾಳುತ್ತದೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯವರು 1978ರಿಂದ 2000ದವರೆಗೆ ತಾವು ಬದಲಾಯಿಸಿದ 11,606 ಮಂಡಿಗಳ ಲೆಕ್ಕವನ್ನು 2003ರಲ್ಲಿ ಪ್ರಕಟಿಸಿದರು. ಎಲ್ಲರನ್ನೂ ಸೇರಿಸಿ ನೋಡಿದರೆ ಹತ್ತು ವರ್ಷದ ನಂತರ ನೂರಕ್ಕೆ 91 ಮಂಡಿಗಳು ಮತ್ತೆ ಬದಲಾಯಿಸುವ ಅಗತ್ಯವಿಲ್ಲದೆ ಉಳಿದಿದ್ದವು. ಸಂಧಿವಾತದಂಥ ಉರಿಯೂತದ ಕಾಯಿಲೆ ಇದ್ದವರಲ್ಲಿ ಈ ಸಂಖ್ಯೆ ನೂರಕ್ಕೆ 95, ಸವೆತದವರಲ್ಲಿ ನೂರಕ್ಕೆ 90. ಸಂಧಿವಾತದವರ ಮಂಡಿ ಬೇಗ ಹಾಳಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಹಾಗಲ್ಲ ಎಂದು ಈ ಲೆಕ್ಕ ತೋರಿಸಿತು.

ಇನ್ನೊಂದು ಲೆಕ್ಕ 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಸ್ಟ್ರೇಲಿಯಾ ಮತ್ತು ಫಿನ್‌ಲೆಂಡ್ ದೇಶಗಳ ದಾಖಲೆ ನೋಡಿ ಹೇಳಿದ್ದು ಇದು: ಪೂರ್ತಿ ಬದಲಾಯಿಸಿದ ನೂರು ಮಂಡಿಗಳಲ್ಲಿ 15 ವರ್ಷದ ನಂತರ ಸುಮಾರು 93, 20 ವರ್ಷದ ನಂತರ 90, 25 ವರ್ಷದ ನಂತರ 82 ಉಳಿದಿರುತ್ತವೆ. ಇವರಲ್ಲಿ ಹೆಚ್ಚಿನವರು ಸವೆತದ ರೋಗಿಗಳು ಎಂಬುದು ನೆನಪಿರಲಿ.

ಈ ಸಂಖ್ಯೆಗಳನ್ನು ಕೇಳಿ ಖುಷಿಪಡುವ ಮೊದಲು ಒಂದು ವಿಷಯ ತಿಳಿಯಬೇಕು. "ಉಳಿದಿದೆ" ಅಂದರೆ ಮತ್ತೆ ಆಪರೇಷನ್ ಆಗಿಲ್ಲ ಎಂದಷ್ಟೇ ಅರ್ಥ. ನೋವೇ ಇಲ್ಲ, ಎಲ್ಲ ಕೆಲಸ ಮಾಡುತ್ತಾರೆ ಎಂದಲ್ಲ. ಸಂಧಿವಾತದವರು ಒಟ್ಟಾರೆ ಕಡಿಮೆ ನಡೆಯುವುದರಿಂದ ಮಂಡಿಯ ಮೇಲೆ ಭಾರ ಕಡಿಮೆ ಬೀಳುತ್ತದೆ. ಅದು ಹೆಚ್ಚು ಬಾಳಲು ಇದೂ ಒಂದು ಕಾರಣವಿರಬಹುದು.

ಹಾಗಾದರೆ ಬದುಕು ಹೇಗಿರುತ್ತದೆ? ನೋವಿನ ವಿಷಯದಲ್ಲಿ ಸಂಧಿವಾತದವರಿಗೆ ಸಿಗುವ ಆರಾಮ ದೊಡ್ಡದು. ಸವೆತದವರಿಗಿಂತ ಅವರು ಹೆಚ್ಚು ನೋವಿನಲ್ಲಿ ಆಪರೇಷನ್ನಿಗೆ ಬರುವುದರಿಂದ ಸಮಾಧಾನವೂ ಕಡಿಮೆಯಿಲ್ಲ. ರಾತ್ರಿ ನಿದ್ದೆ ಬರುತ್ತದೆ, ಸೊಟ್ಟಗಾದ ಕಾಲು ನೇರವಾಗುತ್ತದೆ, ಬಚ್ಚಲಿಗೆ ಇನ್ನೊಬ್ಬರ ಕೈ ಹಿಡಿಯದೆ ಹೋಗಬಹುದು. ಆದರೆ ಓಡಾಟದ ವಿಷಯದಲ್ಲಿ ಸವೆತದವರಷ್ಟು ಸುಧಾರಣೆ ಸಾಮಾನ್ಯವಾಗಿ ಇರುವುದಿಲ್ಲ. ಮಂಡಿ ಹೊಸದಾದರೂ ಪಾದ, ಸೊಂಟ, ಕೈ, ಭುಜ ಹಳೆಯವೇ ತಾನೇ? ಕಾಯಿಲೆ ಅಲ್ಲಿ ಮುಂದುವರಿಯುತ್ತಿರುತ್ತದೆ. ಇದು ನಿಮ್ಮ ಮನಸ್ಸಿನಲ್ಲಿ ಉಳಿಯಲಿ: ಆಪರೇಷನ್ ಮಂಡಿಯನ್ನು ಸರಿ ಮಾಡುತ್ತದೆ, ಸಂಧಿವಾತವನ್ನು ವಾಸಿ ಮಾಡುವುದಿಲ್ಲ.

ಸಂಧಿವಾತದವರಿಗೆ ಇರುವ ವಿಶೇಷ ಅಪಾಯಗಳು

1. ಸೋಂಕು. ಸಂಧಿವಾತದವರಿಗೆ ಹೊಸ ಮಂಡಿಯಲ್ಲಿ ಕೀವಾಗುವ ಸಾಧ್ಯತೆ ಸವೆತದವರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಹೆಚ್ಚು. ಕಾಯಿಲೆಯೂ ಕಾರಣ, ಸ್ಟೀರಾಯ್ಡ್‌ನಂಥ ಔಷಧಿಗಳೂ ಕಾರಣ. ಹಾಗೆಂದು ಎಲ್ಲರಿಗೂ ಆಗುವುದಿಲ್ಲ. ನೂರರಲ್ಲಿ ಕೆಲವರಿಗೆ ಮಾತ್ರ. ಆದರೆ ಆದರೆ ಅದು ಸಣ್ಣ ಕಷ್ಟವಲ್ಲ. ಕೆಲವರಿಗೆ ಹಾಕಿದ ಮಂಡಿಯನ್ನೇ ತೆಗೆದು, ಸೋಂಕು ಹೋದ ಮೇಲೆ ಮತ್ತೆ ಬೇರೆ ಹಾಕಬೇಕಾಗುತ್ತದೆ.

2. ಮೂಳೆ ಟೊಳ್ಳಾಗುವುದು. ಕಾಯಿಲೆಯಿಂದ, ಸ್ಟೀರಾಯ್ಡ್‌ನಿಂದ, ಓಡಾಟ ಕಡಿಮೆಯಾಗುವುದರಿಂದ ಮೂಳೆ ಮೆತ್ತಗಾಗುತ್ತದೆ. ವರ್ಷಗಳ ನಂತರ ಬಿದ್ದಾಗ ಹೊಸ ಮಂಡಿಯ ಹತ್ತಿರವೇ ಮೂಳೆ ಮುರಿಯಬಹುದು.

3. ವಯಸ್ಸು. ಎಪ್ಪತ್ತರಲ್ಲಿ ಮಾಡಿಸಿಕೊಂಡವರಿಗೆ ಒಂದು ಮಂಡಿ ಜೀವಮಾನಕ್ಕೆ ಸಾಕು. ನಲವತ್ತೈದರಲ್ಲಿ ಮಾಡಿಸಿಕೊಂಡವರಿಗೆ ಮುಂದೆ ಇನ್ನೊಮ್ಮೆ ಬೇಕಾಗಬಹುದು. ಎರಡನೆಯ ಸಲದ್ದು ಕಷ್ಟವೂ ಹೆಚ್ಚು, ಖರ್ಚೂ ಹೆಚ್ಚು.

ಹಾಗಾದರೆ ತಡ ಮಾಡಿದರೆ ಒಳ್ಳೆಯದೇ? ಅದೂ ಅಲ್ಲ. ಮಂಡಿ ಮಡಚಿಕೊಂಡೇ ಗಟ್ಟಿಯಾಗಿ, ತೊಡೆಯ ಮಾಂಸಖಂಡ ಸೊರಗಿ, ಹಾಸಿಗೆ ಹಿಡಿದ ಮೇಲೆ ಮಾಡಿಸಿದರೆ ಫಲ ಕಡಿಮೆ. ಔಷಧಿ ಸರಿಯಾಗಿ ತೆಗೆದುಕೊಂಡರೂ ರಾತ್ರಿ ನೋವು ಬಿಡದಿದ್ದರೆ, ಮನೆಯೊಳಗೇ ನಡೆಯಲು ಕಷ್ಟವಾದರೆ, ಕಾಲು ಸೊಟ್ಟಗಾಗುತ್ತಾ ಬಂದರೆ ಮೂಳೆ ವೈದ್ಯರನ್ನು ಕಾಣುವ ಹೊತ್ತು ಬಂದಿದೆ. ಒಂದು ಸಣ್ಣ ಎಚ್ಚರಿಕೆ: ನೋವಿಗೆ ಆರಾಮ ಎಂದು ರಾತ್ರಿಯೆಲ್ಲ ಮಂಡಿ ಕೆಳಗೆ ದಿಂಬು ಇಟ್ಟು ಮಲಗಬೇಡಿ. ಮಂಡಿ ಹಾಗೇ ಮಡಚಿಕೊಂಡು ಬಿಗಿಯುತ್ತದೆ.

ಆಪರೇಷನ್ನಿಗೆ ಮುಂಚೆ

ಸಂಧಿವಾತದವರಿಗೆ ಇಬ್ಬರು ವೈದ್ಯರು ಬೇಕು. ಸಂಧಿವಾತ ನೋಡುವ ವೈದ್ಯರು ಒಬ್ಬರು, ಮೂಳೆ ಶಸ್ತ್ರಚಿಕಿತ್ಸಕರು ಇನ್ನೊಬ್ಬರು. ನಮ್ಮ ಭಾಗದವರಿಗೆ ಹತ್ತಿರದಲ್ಲೇ ಅನುಕೂಲವಿದೆ. ಜಯನಗರದ ಭೈರಸಂದ್ರದಲ್ಲಿ ರಾಜ್ಯ ಸರ್ಕಾರದ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಇದೆ. ಬಿ.ಟಿ.ಎಂ., ಮಡಿವಾಳದ ಕಡೆಯವರಿಗೆ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಅಲ್ಲಿ ಸಂಧಿವಾತಕ್ಕೇ ಪ್ರತ್ಯೇಕ ವಿಭಾಗವೂ ಇದೆ.

ವೈದ್ಯರ ಬಳಿ ಈ ವಿಷಯಗಳನ್ನು ತಪ್ಪದೆ ಕೇಳಿ:

- ಕುತ್ತಿಗೆಯ ಎಕ್ಸ್‌ರೇ ಬೇಕೇ? ಹಳೆಯ ಸಂಧಿವಾತದಲ್ಲಿ ಕುತ್ತಿಗೆಯ ಮೇಲಿನ ಮೂಳೆಗಳು ಸಡಿಲವಾಗಿರಬಹುದು. ಅರಿವಳಿಕೆ ಕೊಡುವ ವೈದ್ಯರಿಗೆ ಇದು ಮೊದಲೇ ಗೊತ್ತಿರಬೇಕು.
- ಸೊಂಟದ ಕೀಲು, ಪಾದ ಹೇಗಿದೆ? ಕೆಲವೊಮ್ಮೆ ಅವುಗಳ ಚಿಕಿತ್ಸೆ ಮೊದಲು ಆಗಬೇಕಾಗುತ್ತದೆ.
- ನನ್ನ ಕೈ ಬೆರಳು ಸೊಟ್ಟಗಾಗಿದೆ, ವಾಕರ್ ಹಿಡಿಯಲು ಆಗುತ್ತದೆಯೇ? ಮುಂಗೈ ಊರಿಕೊಂಡು ನಡೆಯುವ ವಾಕರ್ ಸಿಗುತ್ತದೆ, ಕೇಳಿ.
- ಹಲ್ಲು ಹುಳುಕು, ಕಾಲಿನ ಹುಣ್ಣು, ಮೂತ್ರದ ಉರಿ, ರಕ್ತಹೀನತೆ, ಸಕ್ಕರೆ ಕಾಯಿಲೆ ಇವೆಯೇ? ಇವನ್ನೆಲ್ಲ ಮೊದಲು ಸರಿ ಮಾಡಿಕೊಳ್ಳಬೇಕು.

ಔಷಧಿಯ ವಿಷಯದಲ್ಲಿ ಗೊಂದಲ ಬೇಡ

ಸಂಧಿವಾತಕ್ಕೆ ಕೊಡುವ ಮುಖ್ಯ ಮಾತ್ರೆ ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ದಿನಾ ಅಲ್ಲ. ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಓದಲು ಬಾರದ ಅಕ್ಕಂದಿರಿಗೆ ಸಂಘದ ಯಾರಾದರೂ ಮಾತ್ರೆಯ ಚೀಟಿಯ ಮೇಲೆ "ಭಾನುವಾರ" ಅಥವಾ ಡಾಕ್ಟರು ಹೇಳಿದ ವಾರವನ್ನು ದಪ್ಪಕ್ಷರದಲ್ಲಿ ಬರೆದು, ಬಾಯಲ್ಲೂ ಹೇಳಿ ಕೊಡಿ. ಗರ್ಭಿಣಿಯರು, ಮಗು ಬಯಸುವವರು ಇದನ್ನು ತೆಗೆದುಕೊಳ್ಳಬಾರದು. ಆಗಾಗ ರಕ್ತ ಪರೀಕ್ಷೆ ಬೇಕು.

ಆಪರೇಷನ್ ಹತ್ತಿರ ಬಂದಾಗ ಎಲ್ಲ ಮಾತ್ರೆ ನಿಲ್ಲಿಸಬೇಕೆಂದು ಹಲವರು ತಿಳಿದಿದ್ದಾರೆ. ಅಮೆರಿಕದ ಸಂಧಿವಾತ ವೈದ್ಯರ ಮತ್ತು ಕೀಲು ಶಸ್ತ್ರಚಿಕಿತ್ಸಕರ ಸಂಘಟನೆಗಳು 2017ರಲ್ಲಿ ಸೇರಿ ಕೊಟ್ಟ, 2022ರಲ್ಲಿ ಪರಿಷ್ಕರಿಸಿದ ಸಲಹೆಯ ಪ್ರಕಾರ ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಇವನ್ನು ನಿಲ್ಲಿಸದೆ ಮುಂದುವರಿಸಬಹುದು. ನಿಲ್ಲಿಸಿದರೆ ಕಾಯಿಲೆ ಕೆರಳಿ ವ್ಯಾಯಾಮ ಮಾಡಲಾಗದೆ ಹೋಗಬಹುದು. ಬಯೋಲಾಜಿಕ್ ಎಂಬ ದುಬಾರಿ ಚುಚ್ಚುಮದ್ದುಗಳನ್ನು ಮಾತ್ರ ಲೆಕ್ಕ ಹಾಕಿ ತಡೆದು, ಗಾಯ ಚೆನ್ನಾಗಿ ಮಾಗಿದ ಮೇಲೆ, ಸಾಮಾನ್ಯವಾಗಿ ಎರಡು ವಾರದ ನಂತರ ಮತ್ತೆ ಶುರು ಮಾಡುತ್ತಾರೆ. ಸ್ಟೀರಾಯ್ಡ್ ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು. ಯಾವುದನ್ನೇ ಆಗಲಿ ನಿಮ್ಮ ವೈದ್ಯರೇ ಹೇಳಬೇಕು. ಅಕ್ಕಪಕ್ಕದವರ ಮಾತು ಕೇಳಿ ಮಾಡಬೇಡಿ.

ಮೆಡಿಕಲ್ ಶಾಪಿನಲ್ಲಿ "ಮಂಡಿ ನೋವಿಗೆ ಏನಾದ್ರೂ ಕೊಡಿ" ಎಂದು ಕೇಳಿ ತಂದ ಮಾತ್ರೆ, ಹೆಸರಿಲ್ಲದ ಪುಡಿ, "ಒಂದೇ ಇಂಜೆಕ್ಷನ್ನಿಗೆ ವಾಸಿ" ಎನ್ನುವ ಮಾತು ಇವುಗಳಿಂದ ದೂರವಿರಿ. ಇವುಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಎರಡು ದಿನ ಹಾಯಾಗಿರುತ್ತದೆ, ಒಳಗೆ ಮೂಳೆ ಕರಗುತ್ತದೆ, ಸಕ್ಕರೆ ಏರುತ್ತದೆ.

ಮನೆಗೆ ಬಂದ ಮೇಲೆ

ಆಪರೇಷನ್ ಆದ ದಿನ ಅಥವಾ ಮಾರನೆಯ ದಿನವೇ ವಾಕರ್ ಹಿಡಿದು ನಡೆಸುತ್ತಾರೆ. ಮೊದಲ ಆರು ವಾರ ಮನೆಯಲ್ಲಿ ಸಹಾಯ ಬೇಕೇ ಬೇಕು. ಮೂರು ತಿಂಗಳಿಗೆ ಸಾಮಾನ್ಯ ಓಡಾಟ ಬರುತ್ತದೆ, ಪೂರ್ತಿ ಸುಧಾರಣೆಗೆ ಒಂದು ವರ್ಷ. ಈ ದಿನಗಳಲ್ಲಿ ಫಿಸಿಯೋಥೆರಪಿ ಔಷಧಿಯಷ್ಟೇ ಮುಖ್ಯ. ಆಪರೇಷನ್ನಿಗೆ ಸಾಲ ಮಾಡಿ, ವ್ಯಾಯಾಮಕ್ಕೆ ಹೋಗದೆ ಉಳಿದರೆ ಹಾಕಿದ ದುಡ್ಡು ಅರ್ಧ ವ್ಯರ್ಥ.

ಹೊಸ ಮಂಡಿ ಸಾಮಾನ್ಯವಾಗಿ 110, 120 ಡಿಗ್ರಿಯಷ್ಟು ಮಡಚುತ್ತದೆ. ಕುರ್ಚಿಯಲ್ಲಿ ಕೂರಲು, ಮೆಟ್ಟಿಲು ಹತ್ತಲು ಇದು ಸಾಕು. ಕುಕ್ಕರಗಾಲಿನಲ್ಲಿ ಕೂರಲು ಸಾಲದು. ನೆಲದಲ್ಲಿ ಚಕ್ಕಳಮಕ್ಕಳ ಹಾಕುವುದು, ಇಂಡಿಯನ್ ಟಾಯ್ಲೆಟ್, ನೆಲ ಒರೆಸುವುದು, ನೆಲದ ಮೇಲೆ ಕೂತು ಈಳಿಗೆಯಲ್ಲಿ ತರಕಾರಿ ಹೆಚ್ಚುವುದು, ಮಂಡಿಯೂರಿ ಪ್ರಾರ್ಥಿಸುವುದು ಇವನ್ನು ಬಿಡಬೇಕಾಗುತ್ತದೆ. ಬಾಡಿಗೆ ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತರಬೇಕು. ಅದನ್ನು ಆಪರೇಷನ್ನಿಗೆ ಮುಂಚೆಯೇ ತಂದಿಡಿ. ಮನೆ ಕೆಲಸಕ್ಕೆ ಹೋಗುವವರು ನಿಂತು ಮಾಡುವ ಅಡಿಗೆ, ಉದ್ದ ಕೋಲಿನ ಮಾಪ್ ಇವುಗಳ ಬಗ್ಗೆ ಕೆಲಸದ ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳಿ. ಹೊಲಿಗೆ ಮಾಡುವವರು ಕಾಲಿನಲ್ಲಿ ತುಳಿಯುವ ಮಿಷನ್ನಿಗೆ ಮೋಟಾರು ಹಾಕಿಸಿಕೊಳ್ಳುವುದು ಒಳ್ಳೆಯದು.

ವರ್ಷಗಳು ಕಳೆದ ಮೇಲೆ

ಅಪಾಯ ಮೊದಲ ವರ್ಷಕ್ಕೇ ಮುಗಿಯಿತು ಎಂದಲ್ಲ. ಐದು ವರ್ಷ, ಹತ್ತು ವರ್ಷ ಆದ ಮೇಲೂ ಹಲ್ಲಿನ ಕೀವು, ಪಾದದ ಹುಣ್ಣು, ಮೂತ್ರದ ಸೋಂಕು ರಕ್ತದ ಮೂಲಕ ಹೊಸ ಮಂಡಿಗೆ ಹೋಗಬಹುದು. ಚೆನ್ನಾಗಿದ್ದ ಮಂಡಿ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಜ್ವರ ಬಂದರೆ "ವಾತ ಮತ್ತೆ ಬಂತು" ಎಂದು ಸುಮ್ಮನಿರಬೇಡಿ. ಆ್ಯಂಟಿಬಯೋಟಿಕ್ ಮಾತ್ರೆ ನೀವೇ ನುಂಗಬೇಡಿ. ಅದರಿಂದ ಪರೀಕ್ಷೆಯಲ್ಲಿ ರೋಗಾಣು ಸಿಗದೆ ಹೋಗುತ್ತದೆ. ಅಂದೇ ಆಸ್ಪತ್ರೆಗೆ ಹೋಗಿ. ಹೊತ್ತು ಮುಖ್ಯ.

ನೋವು ಹೋಯಿತು ಎಂದು ಸಂಧಿವಾತದ ಮಾತ್ರೆ ಬಿಡುವವರಿದ್ದಾರೆ. ಆಗ ಕಾಯಿಲೆ ಇನ್ನೊಂದು ಮಂಡಿಗೆ, ಕೈಗೆ ಏರುತ್ತದೆ. ಮಾತ್ರೆ ಮುಂದುವರಿಸಿ, ವೈದ್ಯರು ಹೇಳಿದಷ್ಟು ದಿನಕ್ಕೊಮ್ಮೆ ಎಕ್ಸ್‌ರೇ ಮಾಡಿಸಿ. ಮನೆಯಲ್ಲಿ ಜಾರುವ ಬಚ್ಚಲು, ಮಡಚಿಕೊಂಡ ಚಾಪೆ, ಕತ್ತಲ ಮೆಟ್ಟಿಲು ಇವನ್ನು ಸರಿಮಾಡಿ. ಬೀಳದಿರುವುದೇ ದೊಡ್ಡ ಚಿಕಿತ್ಸೆ.

ಒಳ್ಳೆಯ ಸುದ್ದಿಯೂ ಇದೆ. ಒಳ್ಳೆಯ ಔಷಧಿಗಳು ಬಂದ ಮೇಲೆ ಹಲವು ದೇಶಗಳಲ್ಲಿ ಸಂಧಿವಾತಕ್ಕಾಗಿ ಮಂಡಿ ಬದಲಾಯಿಸುವುದು ಕಡಿಮೆಯಾಗಿದೆ. ಕಾಯಿಲೆ ಶುರುವಾದ ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಸಿಕ್ಕರೆ ಕೀಲು ಉಳಿಯುತ್ತದೆ. ಆದ್ದರಿಂದ ಬೆಳಿಗ್ಗೆ ಬೆರಳು ಬಿಗಿಯುತ್ತದೆ ಎನ್ನುವ ನಿಮ್ಮ ಮಗಳನ್ನೋ ಸೊಸೆಯನ್ನೋ "ಚಳಿಗೆ ಹಾಗಾಗುತ್ತೆ" ಎಂದು ಸುಮ್ಮನಾಗಿಸಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ದುಡ್ಡಿನ ಮಾತು

2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಔಷಧ ಬೆಲೆ ಪ್ರಾಧಿಕಾರವು ಕೃತಕ ಮಂಡಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಅಲ್ಲಿಯವರೆಗೆ ಸರಾಸರಿ ಒಂದೂವರೆ ಲಕ್ಷಕ್ಕೂ ಮೀರಿ ಮಾರುತ್ತಿದ್ದ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ 54,720 ರೂಪಾಯಿ, ಟೈಟಾನಿಯಂನಂಥ ವಿಶೇಷ ಲೋಹದ್ದಕ್ಕೆ 76,600 ರೂಪಾಯಿ, ಎರಡನೆಯ ಸಲ ಹಾಕುವ ಮಂಡಿಗೆ 1,13,950 ರೂಪಾಯಿ ಎಂದಾಯಿತು, ತೆರಿಗೆ ಬೇರೆ. ಇಂದಿನ ದರ ಎಷ್ಟೆಂದು ಆಸ್ಪತ್ರೆಯಲ್ಲಿ ಕೇಳಿ. ಇದು ಮಂಡಿಯ ಬೆಲೆ ಮಾತ್ರ. ಕೊಠಡಿ, ವೈದ್ಯರ ಶುಲ್ಕ, ಔಷಧಿ, ಫಿಸಿಯೋಥೆರಪಿ ಬೇರೆ. ಬಿಲ್ಲಿನಲ್ಲಿ ಮಂಡಿಯ ಬೆಲೆ, ಕಂಪನಿ ಹೆಸರು, ಬ್ಯಾಚ್ ಸಂಖ್ಯೆ ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಆ ಕಾಗದವನ್ನು ರೇಷನ್ ಕಾರ್ಡಿನ ಜೊತೆಯಲ್ಲೇ ಜೋಪಾನವಾಗಿಡಿ. ಹದಿನೈದು ವರ್ಷದ ಮೇಲೆ ಮತ್ತೆ ಆಪರೇಷನ್ ಬೇಕಾದರೆ ಅದೇ ದಾರಿ ತೋರಿಸುತ್ತದೆ.

2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ನಿಮ್ಮ ಮಂಡಿಗೆ ಯೋಜನೆ ಅನ್ವಯಿಸುತ್ತದೆಯೇ, ರೆಫರಲ್ ಪತ್ರ ಬೇಕೇ, ಕೈಯಿಂದ ಎಷ್ಟು ಬೀಳುತ್ತದೆ ಎಂದು ಅಲ್ಲಿನ ಆರೋಗ್ಯ ಮಿತ್ರರನ್ನು ಕೇಳಿ. ಇದನ್ನು ಕೇಳುವ ಮೊದಲೇ ಮೀಟರ್ ಬಡ್ಡಿಗೆ ಸಾಲ ಎತ್ತಬೇಡಿ, ಮಾಂಗಲ್ಯ ಅಡ ಇಡಬೇಡಿ.

ಸಂಘ ಏನು ಮಾಡಬಹುದು?

ಸಹೋದರಿಯರೇ, ಸಾಲ ಕೊಡುವುದಷ್ಟೇ ಸಂಘದ ಕೆಲಸವಲ್ಲ. ಮುಂದಿನ ಸಭೆಯಲ್ಲಿ ಇವನ್ನು ಚರ್ಚಿಸಿ, ತೀರ್ಮಾನ ಪುಸ್ತಕದಲ್ಲಿ ಬರೆಯಿರಿ:

1. ಸಭೆಯಲ್ಲಿ ಜಮಖಾನದ ಜೊತೆ ನಾಲ್ಕು ಕುರ್ಚಿ ಇಡೋಣವೇ? ಕೆಳಗೆ ಕೂರಲಾಗದು ಎಂದು ಯಾರೂ ಸಂಘ ಬಿಡುವಂತಾಗಬಾರದು.
2. ಆಪರೇಷನ್ ಆದ ಸದಸ್ಯೆಯ ಕಂತನ್ನು ಮೂರು ತಿಂಗಳು ಮುಂದೆ ಹಾಕಬಹುದೇ?
3. ಆರು ವಾರ ಸರದಿಯಂತೆ ಅಡಿಗೆ, ನೀರು ನೋಡಿಕೊಳ್ಳುವವರು ಯಾರು? ಫಿಸಿಯೋಥೆರಪಿಗೆ ಜೊತೆಯಲ್ಲಿ ಹೋಗುವವರು ಯಾರು?
4. ವಾಕರ್, ಕಮೋಡ್ ಕುರ್ಚಿಯನ್ನು ಸಂಘಗಳೆಲ್ಲ ಸೇರಿ ಕೊಂಡಿಟ್ಟು, ಬೇಕಾದವರಿಗೆ ಕೊಡಬಹುದೇ?

ಮನೆಯ ಗಂಡಸರಿಗೂ ಗಂಡು ಮಕ್ಕಳಿಗೂ ಈ ಕಾಗದ ಓದಿ ಹೇಳಿ. ಅಮ್ಮ ಆಸ್ಪತ್ರೆಯಿಂದ ಬಂದ ಮಾರನೆಯ ದಿನವೇ ಒಲೆ ಮುಂದೆ ನಿಲ್ಲುವಂತಾದರೆ ಎಂಥ ಒಳ್ಳೆಯ ಮಂಡಿ ಹಾಕಿದರೂ ಪ್ರಯೋಜನವಿಲ್ಲ.

ಮಂಡಿ ಬದಲಾಯಿಸುವುದು ಹೆದರಬೇಕಾದ ವಿಷಯವೂ ಅಲ್ಲ, ಪವಾಡವೂ ಅಲ್ಲ. ಸರಿಯಾದ ಹೊತ್ತಿಗೆ ಮಾಡಿಸಿ, ಮಾತ್ರೆ ಬಿಡದೆ, ಸೋಂಕಿಗೆ ಎಚ್ಚರವಾಗಿದ್ದು, ಬೀಳದಂತೆ ನೋಡಿಕೊಂಡರೆ ಹತ್ತು, ಹದಿನೈದು, ಇಪ್ಪತ್ತು ವರ್ಷ ನಿಮ್ಮ ಕಾಲ ಮೇಲೆ ನೀವು ನಿಲ್ಲಬಹುದು.